ಕಿಟಕಿ ಮೇಲಿನ ಕೆಂಪು ಧೂಳು

ಅಮೆರಿಕದಲ್ಲಿ ಓದುತ್ತಿರುವ ಅಣ್ಣನ ಮಗಳು ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಅವಳ ವಿಶ್ವವಿದ್ಯಾಲಯದಲ್ಲಿ ಏಷ್ಯಾದ ವ್ಯಾಪಾರದ ಬಗ್ಗೆ ಸಮ್ಮೇಳನ ಇತ್ತಂತೆ. ದೊಡ್ಡ ಕಂಪನಿಗಳ ಮುಖ್ಯಸ್ಥರೆಲ್ಲ ಬಂದು ಮಾತಾಡಿದರಂತೆ. ಚೀನಾದ ಉಕ್ಕಿನ ವಿಷಯವೂ ಬಂತು ಅಂದಾಗ ನನಗೆ ಬಳ್ಳಾರಿಯ ನಮ್ಮ ಮನೆಯ ಕಿಟಕಿ ನೆನಪಾಯಿತು.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳವು. ಚೀನಾಕ್ಕೆ ಎಷ್ಟು ಕಬ್ಬಿಣದ ಅದಿರು ಕಳಿಸಿದರೂ ಸಾಲದು. ಸಂಡೂರು ಕಡೆಯಿಂದ ಹಗಲೂ ರಾತ್ರಿ ಲಾರಿಗಳು. ಅಮ್ಮ ಬೆಳಿಗ್ಗೆ ಒರೆಸಿದ ಕಿಟಕಿ ಸರಳಿನ ಮೇಲೆ ಮಧ್ಯಾಹ್ನಕ್ಕೆ ಮತ್ತೆ ಕೆಂಪು ಧೂಳು. ಬೆರಳಲ್ಲಿ ಹೆಸರು ಬರೆಯಬಹುದಿತ್ತು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ತಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಮ್ಮ ಓಣಿಯಲ್ಲಿ ಸಾಲ ಮಾಡಿ ಲಾರಿ ಕೊಂಡವರೊಬ್ಬರಿದ್ದರು. ಆ ಲಾರಿ ಮನೆ ಮುಂದೆ ನಿಂತೇ ಇತ್ತು. ಟೈರಿನ ಸುತ್ತ ಹುಲ್ಲು ಬೆಳೆದಿತ್ತು.

ಅಂಥವರು ಯಾರಾದರೂ ಅಲ್ಲಿ ಮಾತಾಡಿದರಾ ಅಂತ ಕೇಳಿದೆ. ಇಲ್ಲ ಅಂದಳು. ಅವರನ್ನೂ ಕರೆಯಬೇಕು ಅಲ್ವಾ? ಇಲ್ಲಿ ಜೀನ್ಸ್ ಹೊಲಿಯುವ ಹೆಂಗಸರನ್ನೂ ಕರೆಯಬೇಕು. ಏಷ್ಯಾದ ವ್ಯಾಪಾರ ಇವರ ಕೈಯಲ್ಲೂ ಇದೆ.

ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, "ಆ ಲಾರಿ ಫೋಟೊ ಇದ್ರೆ ಕಳಿಸು ಚಿಕ್ಕಪ್ಪ" ಅಂದಳು. ಹಳೇ ಆಲ್ಬಮ್ ಅಟ್ಟದಿಂದ ಇಳಿಸಿದ್ದೇನೆ.