ಊರು ಕಡಿಮೆ, ದಿನ ಹೆಚ್ಚು: ಅಮ್ಮನ ಜೊತೆ ಜಪಾನಿನಲ್ಲಿ 12 ದಿನ

ಕೆಲವು ವರ್ಷಗಳ ಹಿಂದೆ ಅಮ್ಮನನ್ನು ಪ್ರವಾಸಿ ಸಂಸ್ಥೆಯೊಂದರ ಪ್ಯಾಕೇಜಿನಲ್ಲಿ ಯುರೋಪಿಗೆ ಕರೆದುಕೊಂಡು ಹೋಗಿದ್ದೆ. 9 ದಿನಗಳಲ್ಲಿ 6 ದೇಶಗಳ ಪ್ರವಾಸವದು. ಬೆಳಗಿನ ಆರೂವರೆಗೆ ಪೆಟ್ಟಿಗೆಗಳು ಕೋಣೆಯ ಬಾಗಿಲ ಹೊರಗಿರಬೇಕಿತ್ತು, ಏಳೂವರೆಗೆ ಬಸ್ಸು ಹೊರಡುತ್ತಿತ್ತು, ರಾತ್ರಿ ಯಾವ ಊರಿನಲ್ಲಿ ಮಲಗಿದ್ದೇವೆಂಬುದು ಬೆಳಿಗ್ಗೆ ಎದ್ದಾಗ ತಕ್ಷಣ ನೆನಪಾಗುತ್ತಿರಲಿಲ್ಲ. ಮೈಸೂರಿಗೆ ಮರಳಿದ ಮೇಲೆ ನೆಂಟರೊಬ್ಬರು ಏನೇನು ನೋಡಿದಿರಿ ಎಂದು ಕೇಳಿದರೆ, ಅಮ್ಮ ಬಹಳ ಹೊತ್ತು ಯೋಚಿಸಿ, "ರಸ್ತೆ ತುಂಬಾ ಚೆನ್ನಾಗಿತ್ತು" ಎಂದಳು. ಅಷ್ಟು ದೂರ ಕರೆದೊಯ್ದು ಅವಳಿಗೆ ಬಸ್ಸಿನ ಕಿಟಕಿಯನ್ನಷ್ಟೇ ತೋರಿಸಿದೆನಲ್ಲ ಎಂಬ ನೋವು ಬಹುಕಾಲ ನನ್ನಲ್ಲಿ ಉಳಿಯಿತು. ಆದ್ದರಿಂದ ಜಪಾನಿಗೆ ಹೊರಡುವುದೆಂದು ನಿಶ್ಚಯವಾದಾಗ ಎಲ್ಲವನ್ನೂ ನಾನೇ ಯೋಜಿಸಿದೆ. ಅದರಲ್ಲಿ ಉಪಯೋಗಕ್ಕೆ ಬಂದ ಸಂಗತಿಗಳನ್ನು, ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಹೋಗುವವರಿಗೂ ಸಸ್ಯಾಹಾರಿಗಳಿಗೂ ಮುಖ್ಯವಾಗಿ ಅನುಕೂಲವಾಗಲೆಂದು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಕೆಲಸವೆಂದರೆ ಊರುಗಳ ಪಟ್ಟಿಯನ್ನು ಕತ್ತರಿಸಿದ್ದು. ಹಿರೋಶಿಮಾ, ಕನಜಾವಾ, ಹೊಕ್ಕೈಡೊ ಎಲ್ಲವನ್ನೂ ಮನಸ್ಸು ಗಟ್ಟಿ ಮಾಡಿಕೊಂಡು ಹೊಡೆದುಹಾಕಿ, ಟೋಕಿಯೊದಲ್ಲಿ 3 ರಾತ್ರಿ, ಕ್ಯೋಟೊದಲ್ಲಿ 6 ರಾತ್ರಿ, ಕೋಯಾಸಾನ್ ಬೆಟ್ಟದಲ್ಲಿ 2 ರಾತ್ರಿ ಎಂದು ನಿಗದಿಪಡಿಸಿದೆ. ಟೋಕಿಯೊದಲ್ಲಿ ಇಳಿದು ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣದಿಂದ ಹೊರಡುವಂತೆ ಟಿಕೆಟ್ ತೆಗೆದುಕೊಂಡದ್ದರಿಂದ, ಬಂದ ದಾರಿಯಲ್ಲೇ ಹಿಂತಿರುಗುವ ಒಂದು ದಿನ ಪೂರ್ತಿ ಉಳಿಯಿತು. ಹಣದ ಲೆಕ್ಕವೂ ಇದರಿಂದ ಸುಲಭವಾಯಿತು. ವಿದೇಶಿ ಪ್ರವಾಸಿಗರಿಗೆಂದು ಇರುವ 7 ದಿನಗಳ ರೈಲು ಪಾಸಿನ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ ಒಮ್ಮೆಗೇ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನ ಬಿಡಿ ಟಿಕೆಟ್ ಸುಮಾರು 14,000 ಯೆನ್ ಆಗುವುದರಿಂದ, ಒಂದೇ ಸಲ ಅದರಲ್ಲಿ ಪ್ರಯಾಣಿಸುವ ನಮ್ಮಂಥವರಿಗೆ ಪಾಸು ಬೇಕೇ ಇರಲಿಲ್ಲ. ಟಿಕೆಟ್ ಕಾಯ್ದಿರಿಸುವಾಗ ಬಲಬದಿಯ ಕಿಟಕಿಯ ಪಕ್ಕದ ಆಸನವನ್ನು ಕೇಳಿ ಪಡೆಯಿರಿ, ಮೋಡವಿಲ್ಲದಿದ್ದರೆ ಟೋಕಿಯೊ ಬಿಟ್ಟ ಮುಕ್ಕಾಲು ಗಂಟೆಯೊಳಗೆ ಫ್ಯೂಜಿ ಪರ್ವತ ಆ ಬದಿಯಲ್ಲಿ ಕಾಣುತ್ತದೆ.

ತಿಂಗಳ ಆಯ್ಕೆಯೂ ಮುಖ್ಯ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿಗರಿಗೆ ಸಾಲು ಸಾಲು ರಜೆ ಇರುವುದರಿಂದ ರೈಲುಗಳೂ ವಸತಿಗೃಹಗಳೂ ತುಂಬಿರುತ್ತವೆ, ಜೂನ್ ಬಂತೆಂದರೆ ಮಳೆ ಹಿಡಿಯುತ್ತದೆ. ಇವೆರಡರ ನಡುವಿನ ಮೇ ತಿಂಗಳ ಮಧ್ಯಭಾಗದಲ್ಲಿ ಹೋದೆವು. ಚೆರಿ ಹೂವುಗಳು ಉದುರಿ ಹೋಗಿದ್ದವು ನಿಜ, ಆದರೆ ಎಳೆ ಹಸಿರು ಎಲ್ಲೆಲ್ಲೂ ಇತ್ತು, ಅಮ್ಮನಿಗೆ ಒಂದು ಸ್ವೆಟರ್ ಸಾಕಾಗುವಷ್ಟು ಮಾತ್ರ ಚಳಿಯಿತ್ತು.

ಪೆಟ್ಟಿಗೆ ಎಳೆಯುವ ಕಷ್ಟವನ್ನು ಜಪಾನಿನಲ್ಲಿ ಯಾರೂ ಪಡಬೇಕಾಗಿಲ್ಲ. 1976ರಲ್ಲಿ ಆರಂಭವಾದ ತಕ್ಕ್ಯೂಬಿನ್ ಎಂಬ ಮನೆಬಾಗಿಲ ಸಾಗಣೆ ವ್ಯವಸ್ಥೆ ಅಲ್ಲಿ ನಮ್ಮ ಅಂಚೆಯಷ್ಟೇ ಬಳಕೆಯಲ್ಲಿದೆ, ಮರಿಯನ್ನು ಬಾಯಲ್ಲಿ ಕಚ್ಚಿಕೊಂಡ ಕಪ್ಪು ಬೆಕ್ಕಿನ ಗುರುತು ಬೀದಿಬೀದಿಯಲ್ಲಿ ಕಾಣುತ್ತದೆ. ಟೋಕಿಯೊದ ಹೋಟೆಲಿನ ಕೌಂಟರಿನಲ್ಲಿ ಬೆಳಿಗ್ಗೆ ಕೊಟ್ಟ ಪೆಟ್ಟಿಗೆಗಳು ಮರುದಿನ ಕ್ಯೋಟೊದ ನಮ್ಮ ವಸತಿಯನ್ನು ತಲುಪಿದವು. ಬೆಟ್ಟಕ್ಕೆ ಹೊರಡುವಾಗ ಅವುಗಳನ್ನು ನೇರವಾಗಿ ವಿಮಾನ ನಿಲ್ದಾಣಕ್ಕೇ ಕಳುಹಿಸಿ, ಒಂದೊಂದು ಕೈಚೀಲ ಮಾತ್ರ ಹಿಡಿದು ಹೋದೆವು. ಮಾತ್ರೆಗಳು ಮಾತ್ರ ಸದಾ ಕೈಚೀಲದಲ್ಲೇ ಇರಲಿ. ಔಷಧಗಳ ವಿಷಯದಲ್ಲಿ ಜಪಾನ್ ಬಹಳ ಕಟ್ಟುನಿಟ್ಟು: ವೈದ್ಯರು ಬರೆದುಕೊಟ್ಟ ಸಾಮಾನ್ಯ ಔಷಧಗಳನ್ನು ಒಂದು ತಿಂಗಳಿಗೆ ಆಗುವಷ್ಟು ಒಯ್ಯಬಹುದಾದರೂ, ಸ್ಯೂಡೋಎಫೆಡ್ರಿನ್ ಅಂಶ ಹೆಚ್ಚಿರುವ ನೆಗಡಿ ಮಾತ್ರೆಗಳಿಗೆ ಅಲ್ಲಿ ನಿಷೇಧವಿದೆ. ಹೊರಡುವ ಮುನ್ನ ಮನೆಯ ಔಷಧದ ಡಬ್ಬಿಯನ್ನು ಒಂದೊಂದಾಗಿ ಓದಿ ನೋಡಿಕೊಳ್ಳಬೇಕು.

ಇನ್ನು ಊಟದ ವಿಷಯ. ಸಸ್ಯಾಹಾರಿಗಳಿಗೆ ಜಪಾನ್ ಕಷ್ಟ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಕಷ್ಟ ಎಲ್ಲಿದೆ ಎಂಬುದನ್ನು ಹೇಳುವವರು ಕಡಿಮೆ. ಅದು ದಾಶಿಯಲ್ಲಿದೆ. ನಮ್ಮಲ್ಲಿ ಸಾರಿಗೆ ಬೇಳೆಕಟ್ಟು ಹೇಗೋ ಹಾಗೆ ಅವರ ಅಡುಗೆಗೆ ದಾಶಿ ಎಂಬ ತಿಳಿರಸವೇ ಆಧಾರ, ಅದನ್ನು ಹೆಚ್ಚಾಗಿ ಒಣಗಿಸಿದ ಮೀನಿನ ಎಳೆಗಳಿಂದ ತೆಗೆಯುತ್ತಾರೆ. ಮಿಸೊ ಸಾರು, ಉದೊನ್ ಶಾವಿಗೆಯ ರಸ, ಬೇಯಿಸಿದ ಮೂಲಂಗಿ, ಕುಂಬಳಕಾಯಿ ಎಲ್ಲದರಲ್ಲೂ ಅದು ಇರುತ್ತದೆ. ಮಾಂಸವಿಲ್ಲ, ಮೀನಿಲ್ಲ ಎಂದಷ್ಟೇ ಹೇಳಿದರೆ ಅಡುಗೆಯವರು ಮೀನಿನ ತುಂಡುಗಳನ್ನು ಬಿಟ್ಟು ಪ್ರಾಮಾಣಿಕವಾಗಿಯೇ ಬಡಿಸುತ್ತಾರೆ, ರಸ ಮಾತ್ರ ಅದೇ ಆಗಿರುತ್ತದೆ. ಆದ್ದರಿಂದ ಮೀನಿನ ದಾಶಿಯನ್ನೂ ನಾವು ತಿನ್ನುವುದಿಲ್ಲ, ಕೊಂಬು ಎಂಬ ಕಡಲಸೊಪ್ಪಿನ ಅಥವಾ ಅಣಬೆಯ ದಾಶಿ ಆದೀತು ಎಂದು ಜಪಾನಿ ಭಾಷೆಯಲ್ಲೇ ಒಂದು ಚೀಟಿ ಬರೆಸಿಕೊಂಡು ಹೋಗಿದ್ದೆ. ಅದನ್ನು ತೋರಿಸಿದಾಗ ಕೆಲವರು ತಲೆಬಾಗಿ, ಆಗುವುದಿಲ್ಲ, ಕ್ಷಮಿಸಿ ಎಂದರು. ಬಾಗಿಲಲ್ಲೇ ಸ್ಪಷ್ಟವಾಗಿ ಇಲ್ಲವೆನ್ನುವವರ ಬಗ್ಗೆ ನನಗೆ ಗೌರವವೇ ಹೆಚ್ಚಾಯಿತು.

ಮನೆಯಿಂದ ಗೊಜ್ಜವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ದಿದ್ದೆವು. ಪ್ರಮಾಣಪತ್ರವಿಲ್ಲದೆ ಹಸಿ ಹಣ್ಣು, ತರಕಾರಿಗಳನ್ನು ಜಪಾನಿನೊಳಕ್ಕೆ ತರುವಂತಿಲ್ಲ, ಹಾಗಾಗಿ ಅಮ್ಮ ಕಟ್ಟಿಟ್ಟಿದ್ದ ಕರಿಬೇವನ್ನು ಮನೆಯಲ್ಲೇ ಬಿಟ್ಟು ಬರುವಂತೆ ಮಾಡಿದೆ. ಹಾಗೆಂದು ಮೂರು ಹೊತ್ತೂ ಗೊಜ್ಜವಲಕ್ಕಿ ತಿಂದು ಬರುವುದರಲ್ಲಿ ಏನೂ ಅರ್ಥವಿಲ್ಲ. ಬೀದಿಗೊಂದಿರುವ ಪುಟ್ಟ ಅಂಗಡಿಗಳಲ್ಲಿ ಕಡಲಸೊಪ್ಪಿನ ಹಾಳೆಯಲ್ಲಿ ಸುತ್ತಿದ ಅನ್ನದ ಉಂಡೆ ಸಿಗುತ್ತದೆ, ಅದರೊಳಗೆ ಉಮೆ ಎಂಬ ಹುಳಿಹಣ್ಣನ್ನು ಉಪ್ಪಿನಲ್ಲಿ ಊರಿಸಿ ಇಟ್ಟಿರುತ್ತಾರೆ. ಫೋನಿನ ಕ್ಯಾಮೆರಾದಿಂದ ಪೊಟ್ಟಣದ ಮೇಲಿನ ಪದಾರ್ಥಗಳನ್ನು ಅನುವಾದಿಸಿ ಓದಿಕೊಂಡು ಕೊಡಿಸಿದೆ. ಮೊದಲ ತುತ್ತಿಗೇ ಅಮ್ಮನ ಕಣ್ಣು ಅರಳಿತು. ಅದು ಹಳೆಯ ಮಿಡಿ ಉಪ್ಪಿನಕಾಯಿಯ ಹುಳಿಯೇ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

ಕ್ಯೋಟೊದಲ್ಲಿ ದೊಡ್ಡ ಹೋಟೆಲನ್ನು ಬಿಟ್ಟು, ಜನ ಸಂಸಾರ ನಡೆಸುವ ಬೀದಿಯೊಂದರಲ್ಲಿ ಚಿಕ್ಕ ಅಡುಗೆಮನೆಯಿರುವ ವಸತಿಯನ್ನು ಹಿಡಿದಿದ್ದೆ. ಇಡೀ ಪ್ರವಾಸದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಆಯ್ಕೆ ಅದೇ. ತಿರುವಿನಲ್ಲಿ ತೋಫು ಮಾಡಿ ಮಾರುವ ಹಳೆಯ ಅಂಗಡಿಯೊಂದಿತ್ತು. ತಣ್ಣೀರು ತುಂಬಿದ ಸ್ಟೀಲಿನ ತೊಟ್ಟಿಯೊಳಗೆ ಮೊಣಕೈವರೆಗೆ ಕೈಯಿಳಿಸಿ, ಬಿಳಿಯ ಗಡ್ಡೆಯೊಂದನ್ನು ಅಂಗೈಯ ಮೇಲೆ ಮುರಿಯದಂತೆ ಎತ್ತಿ, ನೀರು ಸೋರುವವರೆಗೆ ಹಾಗೆಯೇ ಹಿಡಿದುಕೊಂಡು, ಬಳಿಕ ಡಬ್ಬಿಗಿಳಿಸುತ್ತಿದ್ದ ಆ ಅಂಗಡಿಯ ಅಜ್ಜಿಯನ್ನು ಅಮ್ಮ ಮೊದಲ ದಿನ ಕಣ್ಣು ಮಿಟುಕಿಸದೆ ನೋಡಿದಳು. ಹಣವನ್ನು ಕೈಗೆ ಕೊಡುವ ರೂಢಿ ಅಲ್ಲಿಲ್ಲ, ಪಕ್ಕದಲ್ಲಿರುವ ಪುಟ್ಟ ತಟ್ಟೆಯಲ್ಲಿ ಇಡಬೇಕು. ಎರಡನೆಯ ದಿನ ಅಮ್ಮನೇ ತಟ್ಟೆಯಲ್ಲಿ ನಾಣ್ಯಗಳನ್ನು ಎಣಿಸಿ ಇಟ್ಟಳು. ಮೂರನೆಯ ದಿನ ಆ ಅಜ್ಜಿ ಕಾಯಿಸಿದ ಸೋಯಾ ಹಾಲಿನ ಮೇಲೆ ಕಟ್ಟುವ ಕೆನೆಯನ್ನು ಒಂದು ಬಟ್ಟಲಿನಲ್ಲಿ ಕೊಟ್ಟು ರುಚಿ ನೋಡಲು ಸನ್ನೆ ಮಾಡಿದರು. ಯುಬಾ ಎಂಬ ಆ ಕೆನೆಗೆ ಕ್ಯೋಟೊ ಹೆಸರುವಾಸಿ. ಒಂದೇ ಬೀದಿಯಲ್ಲಿ 6 ರಾತ್ರಿ ಉಳಿದಿರದಿದ್ದರೆ ಆ ಬಟ್ಟಲು ನಮ್ಮ ಕೈಗೆ ಬರುತ್ತಿರಲಿಲ್ಲ.

ಉಳಿದ ವಿಷಯಗಳನ್ನು ಬೇಗ ಹೇಳುತ್ತೇನೆ. ಸಣ್ಣ ಅಂಗಡಿಗಳಿಗೂ ದೇವಾಲಯಗಳಿಗೂ ನಗದು ಬೇಕಾಗುತ್ತದೆ, ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂಗಳಲ್ಲಿ ವಿದೇಶಿ ಕಾರ್ಡುಗಳು ನಡೆಯುತ್ತವೆ. ಮೊದಲೇ ಹಣ ತುಂಬಿಸಿಟ್ಟುಕೊಳ್ಳುವ ಸುಯಿಕಾ ಅಥವಾ ಇಕೋಕಾ ಕಾರ್ಡೊಂದಿದ್ದರೆ ನಗರದ ರೈಲು, ಬಸ್ಸುಗಳಿಗೆ ಪ್ರತಿ ಸಲ ಟಿಕೆಟ್ ಕೊಳ್ಳಬೇಕಿಲ್ಲ. ರೈಲಿನಲ್ಲಿ ಫೋನಿನಲ್ಲಿ ಮಾತಾಡಬಾರದು. ಬೀದಿಯಲ್ಲಿ ಕಸದ ಬುಟ್ಟಿ ಅಪರೂಪ, ಆದ್ದರಿಂದ ಚೀಲದಲ್ಲಿ ಒಂದು ಖಾಲಿ ಕವರ್ ಇರಲಿ. ಕ್ಯೋಟೊದ ಗಿಯೊನ್ ಬಡಾವಣೆಯಲ್ಲಿ ಗೇಯ್ಶಾ ಎಂಬ ಸಾಂಪ್ರದಾಯಿಕ ಕಲಾವಿದೆಯರನ್ನು ಅಡ್ಡಗಟ್ಟಿ ಫೋಟೊ ತೆಗೆಯುವವರ ಕಾಟ ಮಿತಿಮೀರಿ, 2024ರಿಂದ ಅಲ್ಲಿನ ಕೆಲವು ಖಾಸಗಿ ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿಲ್ಲಿಸಿದ್ದಾರೆ. ನಾಲ್ಕು ಜನರ ದುಡುಕಿನಿಂದ ಎಲ್ಲರಿಗೂ ಬಾಗಿಲು ಮುಚ್ಚಿತಲ್ಲ ಎಂದು ನನಗೆ ಬೇಸರವಾಯಿತು, ಆದರೆ ಅಲ್ಲಿ ವಾಸಿಸುವವರ ಪರವಾಗಿಯೇ ನನ್ನ ಮನಸ್ಸು ನಿಲ್ಲುತ್ತದೆ.

ಕೋಯಾಸಾನ್ ಬೆಟ್ಟವನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಒಂದು ಕಾರಣವಿತ್ತು. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ, ಅಲ್ಲಿನ ಮಠಗಳಲ್ಲಿ ಬೆಳಗಿನ ಪ್ರಾರ್ಥನೆ ಸುಮಾರು 6 ಗಂಟೆಗೆ, ಅಂದರೆ ನಮ್ಮ ಎರಡೂವರೆಗೆ. ಮೊದಲ ವಾರದಲ್ಲೇ ಹೋಗಿದ್ದರೆ ಅಮ್ಮ ತೂಕಡಿಸುತ್ತ ಕೂರಬೇಕಾಗುತ್ತಿತ್ತು. ಒಸಾಕಾದ ನಂಬಾ ನಿಲ್ದಾಣದಿಂದ ರೈಲು, ಬಳಿಕ ಕಡಿದಾದ ಬೆಟ್ಟವೇರುವ ಕೇಬಲ್ ಕಾರು, ಮತ್ತೆ ಬಸ್ಸು, ಹೀಗೆ ಸಾಗಿದರೆ ಸುಮಾರು 800 ಮೀಟರ್ ಎತ್ತರದಲ್ಲಿ ಕೂಕೈ ಎಂಬ ಬೌದ್ಧ ಸನ್ಯಾಸಿ 816ರಲ್ಲಿ ಸ್ಥಾಪಿಸಿದ ಮಠಗಳ ಊರು ಸಿಗುತ್ತದೆ. ಅಲ್ಲಿನ ಮಠಗಳಲ್ಲೇ ಉಳಿದುಕೊಳ್ಳಬಹುದು. ನೆಲದ ಮೇಲೆ ಕೂರಲು ಮಂಡಿ ಬಾಗದವರಿಗೆ ಕುರ್ಚಿ ಬೇಕೆಂದೂ, ಎಲ್ಲರ ಜೊತೆ ಸ್ನಾನಕ್ಕೆ ಸಂಕೋಚವಿದ್ದರೆ ಕೋಣೆಗೆ ಹೊಂದಿದ ಸ್ನಾನದ ಮನೆ ಬೇಕೆಂದೂ ಕಾಯ್ದಿರಿಸುವಾಗಲೇ ಬರೆದು ತಿಳಿಸಬೇಕು. ರಾತ್ರಿಯೂಟ ಸಂಜೆ ಆರರ ಹೊತ್ತಿಗೇ ಬರುತ್ತದೆ. ಮೀನಿನ ದಾಶಿಯಿಲ್ಲದ, ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕದ, ಶೋಜಿನ್ ಎಂಬ ಮಠದ ಅಡುಗೆಯನ್ನು ಉಂಡು ಅಮ್ಮ, "ಇಷ್ಟು ದಿನದಲ್ಲಿ ಇವತ್ತು ನೆಮ್ಮದಿಯಾಗಿ ಊಟ ಮಾಡಿದೆ ಕಣೇ" ಎಂದಳು.

ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ ಸನ್ಯಾಸಿಗಳು ಒಂದೇ ಸ್ವರದಲ್ಲಿ ಪಠಿಸುತ್ತಿದ್ದ ಸೂತ್ರದ ಕೊನೆಯಲ್ಲಿ "ಗ್ಯಾತೇ ಗ್ಯಾತೇ" ಎಂಬ ಸಾಲು ಬಂದು "ಬೋಜಿ ಸೊವಾಕಾ" ಎಂದು ಮುಗಿಯಿತು. ಅದು "ಗತೇ ಗತೇ ಪಾರಗತೇ ಪಾರಸಂಗತೇ ಬೋಧಿ ಸ್ವಾಹಾ" ಎಂಬ ಸಂಸ್ಕೃತದ ಸಾಲೇ ಎಂದು ತಿಂಡಿಯ ಹೊತ್ತಿಗೆ ಅಮ್ಮನಿಗೆ ಹೇಳಿದೆ. ಬಳಿಕ ಮುಗಿಲೆತ್ತರದ ಸೀಡರ್ ಮರಗಳ ನಡುವೆ, ಪಾಚಿಗಟ್ಟಿದ ಸಮಾಧಿಗಳ ಪಕ್ಕದಲ್ಲಿ 2 ಕಿಲೋಮೀಟರ್ ಹಾದಿಯನ್ನು ನಿಧಾನವಾಗಿ ನಡೆದು ಓಕುನೊಇನ್ ತಲುಪಿದೆವು. ಕೂಕೈ 835ರಿಂದ ಅಲ್ಲಿ ಧ್ಯಾನದಲ್ಲೇ ಕುಳಿತಿದ್ದಾರೆಂದು ಭಕ್ತರ ನಂಬಿಕೆ, ಇಂದಿಗೂ ದಿನಕ್ಕೆರಡು ಸಲ ಅವರಿಗೆ ಊಟ ಒಯ್ಯುತ್ತಾರೆ. ಹತ್ತೂವರೆಗೆ ಮೂಗುಬಾಯಿ ಮುಚ್ಚುವ ಬಿಳಿ ಪಟ್ಟಿ ಕಟ್ಟಿದ ಇಬ್ಬರು ಮರದ ಪೆಟ್ಟಿಗೆಯೊಂದನ್ನು ಹೊತ್ತು ಸೇತುವೆ ದಾಟಿದರು. ಆ ಸೇತುವೆಯಾಚೆ ಫೋಟೊ ತೆಗೆಯುವಂತಿಲ್ಲ. ಅಮ್ಮ ಕೈಮುಗಿದು, "ನಮ್ಮ ರಾಯರೂ ಹೀಗೇ ಅಲ್ವೇನೇ, ಬೃಂದಾವನದೊಳಗೆ ಕೂತಿರೋದು" ಎಂದಳು.

ಎರಡು ರಾತ್ರಿ ಇದ್ದದ್ದರಿಂದ ಬೆಳಗಿನ ಪ್ರಾರ್ಥನೆ ಮತ್ತೊಮ್ಮೆ ಸಿಕ್ಕಿತು. ಅಮ್ಮ ನನಗಿಂತ ಮೊದಲೇ ಎದ್ದು ಶಾಲು ಹೊದ್ದು ಹೋಗಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದಳು. ಪಠಣ ಕೊನೆಗೆ ಬಂದಂತೆ ಅವಳು ಸ್ವಲ್ಪ ಮುಂದಕ್ಕೆ ಬಾಗಿದಳು. "ಸೊವಾಕಾ" ಎಂದು ಅವರು ಹೇಳಿದ ಕ್ಷಣಕ್ಕೆ ಸರಿಯಾಗಿ, ಮೆಲ್ಲನೆಯ ದನಿಯಲ್ಲಿ, ಅಮ್ಮನೂ ಸ್ವಾಹಾ ಎಂದಳು.