ಕೋಲಾಡದ ರಾಫ್ಟಿಂಗೂ ನಮ್ಮ ಭೀಮೆಯ ನೀರೂ

ಪುಣೆಯ ಆಫೀಸುಗಳಲ್ಲಿ ಟೀಮ್ ಔಟಿಂಗ್ ಅಂದ ಕೂಡಲೇ ಯಾರಾದರೊಬ್ಬರು ‘ಕೋಲಾಡ್’ ಅನ್ನುತ್ತಾರೆ. ತಾಮ್ಹಿಣಿ ಘಾಟಿ ಇಳಿದು ಕೊಂಕಣದ ಕಡೆ ಹೋದರೆ ಕುಂಡಲಿಕಾ ನದಿ. ರಬ್ಬರ್ ದೋಣಿ, ಲೈಫ್ ಜಾಕೆಟ್ಟು, ಮುಖಕ್ಕೆ ರಾಚುವ ನೀರು, ಮಜಾ ಇರುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಹೋಗುವವರಿಗೆಲ್ಲ ಒಂದು ಸೂಚನೆ ಇರುತ್ತದೆ, ಬೆಳಿಗ್ಗೆ ಬೇಗ ಬರಬೇಕು, ಡ್ಯಾಮಿನ ನೀರು ಬಿಡುವುದು ಆಗಲೇ ಅಂತ. ಸುತ್ತಲ ಹಳ್ಳಗಳೆಲ್ಲ ಬತ್ತಿರುವ ಬೇಸಿಗೆಯಲ್ಲೂ ಇಲ್ಲಿ ದೋಣಿ ತೇಲುತ್ತದೆ.

ಅದೇ ಬೇಸಿಗೆಯಲ್ಲಿ ಅಫಜಲಪುರ ಕಡೆಯಿಂದ ಸೋದರಮಾವ ಫೋನ್ ಮಾಡುತ್ತಾನೆ. “ಹೊಳ್ಯಾಗ ನೀರಿಲ್ಲಪಾ, ಮೋಟರ್ ತೆಗದು ದಂಡಿಗಿ ಇಟ್ಟೀವಿ.”

ಇವೆರಡಕ್ಕೂ ಏನು ಸಂಬಂಧ ಅಂತೀರಾ? ಕೋಲಾಡದಲ್ಲಿ ದೋಣಿ ತೇಲಿಸುವ ಆ ನೀರು ಹುಟ್ಟಿನಿಂದ ನಮ್ಮ ಭೀಮೆಯದು.

ಪುಣೆಯ ಪಶ್ಚಿಮಕ್ಕೆ ಮುಳಶಿ ಅಂತ ಒಂದು ಅಣೆಕಟ್ಟು ಇದೆ, ಮುಳಾ ನದಿಗೆ ಅಡ್ಡಲಾಗಿ. ಮುಳಾ ತನ್ನ ಪಾಡಿಗೆ ಹರಿದರೆ ಪುಣೆಗೆ ಬಂದು ಮುಠಾ ಜೊತೆ ಸೇರಿ, ಮುಂದೆ ಭೀಮೆಯಾಗಿ ಉಜನಿ ಅಣೆಕಟ್ಟು, ಪಂಢರಪುರ ದಾಟಿ ನಮ್ಮ ಗಾಣಗಾಪುರದ ಸಂಗಮಕ್ಕೆ ಬರಬೇಕು. ಆದರೆ ಟಾಟಾ ಕಂಪನಿ ಆ ನೀರನ್ನು ಸಹ್ಯಾದ್ರಿಯ ಅಂಚಿನಿಂದ ಪಶ್ಚಿಮಕ್ಕೆ ತಿರುಗಿಸಿದೆ. ಪೈಪಿನಲ್ಲಿ ಸುಮಾರು 500 ಮೀಟರ್ ಕೆಳಗೆ ಬಿದ್ದು, ಭಿರಾ ಅನ್ನೋ ಊರಿನಲ್ಲಿ ಟರ್ಬೈನ್ ತಿರುಗಿಸಿ, ಆಮೇಲೆ ಕುಂಡಲಿಕಾ ಸೇರಿ, ರೋಹಾ ಕಡೆಯ ಕಾರ್ಖಾನೆಗಳ ಪಕ್ಕ ಹಾದು ಅರಬ್ಬೀ ಸಮುದ್ರಕ್ಕೆ. ಕರೆಂಟು ಹೋಗುವುದು ಮುಂಬೈಗೆ.

ಇದು ಇವತ್ತಿನ ಕತೆಯಲ್ಲ. ಟಾಟಾದವರ ಇಂಥ ಜಲವಿದ್ಯುತ್ ಘಟಕಗಳಲ್ಲಿ ಖೋಪೋಲಿಯದು ಶುರುವಾಗಿದ್ದು 1915ರಲ್ಲಿ, ಭಿವಪುರಿ 1922ರಲ್ಲಿ, ಭಿರಾ 1927ರಲ್ಲಿ. ಮುಂಬೈಯ ಬಟ್ಟೆ ಗಿರಣಿಗಳು ಕಲ್ಲಿದ್ದಲು ಸುಟ್ಟು ಊರಿಗೆಲ್ಲ ಹೊಗೆ ಬಿಡುತ್ತಿದ್ದ ಕಾಲದಲ್ಲಿ ನೀರಿನಿಂದ ಕರೆಂಟು ಅನ್ನೋದು ದೊಡ್ಡ ಮಾತು. ಹವಾಮಾನ ಸಮ್ಮೇಳನ, ಕಾರ್ಬನ್ ಲೆಕ್ಕ ಎಲ್ಲ ಹುಟ್ಟುವ ಎಷ್ಟೋ ಮೊದಲೇ ಮುಂಬೈ ‘ಹಸಿರು ಕರೆಂಟು’ ಬಳಸುತ್ತಿತ್ತು. ಆ ಬಿಲ್ ಕಟ್ಟಿದವರು ಮಾತ್ರ ಬೇರೆ. ಮುಳಶಿಯ ರೈತರು ತಮ್ಮ ಭತ್ತದ ಗದ್ದೆ ಮುಳುಗುತ್ತದೆ ಅಂತ 1921ರಲ್ಲಿ ಸತ್ಯಾಗ್ರಹಕ್ಕೆ ಕೂತರು, ಸೇನಾಪತಿ ಬಾಪಟ್ ಮುಂದಾಳು. 1924ರವರೆಗೂ ನಡೆಯಿತು. ಅಣೆಕಟ್ಟು ನಿಲ್ಲಲಿಲ್ಲ. ಶರಾವತಿ ಮುಳುಗಡೆ ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವತ್ತು ಅದೇ ಹಿನ್ನೀರಿನ ದಂಡೆಯಲ್ಲಿ ಭಾನುವಾರ ಕಾರುಗಳ ಸಾಲು, ಸುಟ್ಟ ಜೋಳದ ತೆನೆ, ರೀಲ್ಸ್.

ಮುಳಶಿ ಒಂದೇ ಅಲ್ಲ. ಕೊಯ್ನಾ ನೋಡಿ, ಅದು ಕೃಷ್ಣೆಯ ಉಪನದಿ. ಸುಮಾರು 1,960 ಮೆಗಾವ್ಯಾಟ್ ಯೋಜನೆ. ಅದಕ್ಕಾಗಿ ವರ್ಷಕ್ಕೆ 67.5 ಟಿಎಂಸಿ ನೀರು ಪಶ್ಚಿಮಕ್ಕೆ ಬಿಡಲು ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯೇ ಒಪ್ಪಿತ್ತು. ಕಾನೂನು ಪ್ರಕಾರ ಎಲ್ಲ ಸರಿ ಇದೆ.

ಹಾಗಂತ ಭಿರಾದ ನೀರೆಲ್ಲ ಪೂರ್ವಕ್ಕೆ ಬಿಟ್ಟರೆ ಮಾವನ ಮೋಟರ್ ನಾಳೆಯೇ ಓಡುತ್ತಾ? ಇಲ್ಲ. ಮಧ್ಯದಲ್ಲಿ ಉಜನಿ ಇದೆ, ಸೊಲ್ಲಾಪುರದ ಕಬ್ಬು ಇದೆ. ಟಾಟಾ ಅಣೆಕಟ್ಟುಗಳ ನೀರನ್ನು ಪೂರ್ವಕ್ಕೆ ಬಿಡಿ ಎಂಬ ಕೂಗು ಮಹಾರಾಷ್ಟ್ರದ ಒಳಗೇ ಹಳೆಯದು. ಅವರ ಬಾಯಾರಿಕೆ ತೀರಿದ ಮೇಲೆ ನಮ್ಮ ಸರದಿ. ಮತ್ತೆ, ಆ ಕರೆಂಟು ನಿಲ್ಲಿಸಿದರೆ ಮುಂಬೈ ಕತ್ತಲಲ್ಲಿ ಕೂರೋದಿಲ್ಲ, ಇನ್ನಷ್ಟು ಕಲ್ಲಿದ್ದಲು ಸುಡುತ್ತದೆ ಅಷ್ಟೇ.

ಸೋಲಾರ್ ಇದೆಯಲ್ಲ ಅಂತ ಕೇಳಬಹುದು. ನಮ್ಮ ಸೊಸೈಟಿಯ ಟೆರೇಸ್ ಮೇಲೂ ಇದೆ. ಲಿಫ್ಟು, ನೀರಿನ ಪಂಪು, ಮೆಟ್ಟಿಲಿನ ದೀಪ ಇವುಗಳ ಕಾಮನ್ ಮೀಟರಿಗೆ ಜೋಡಿಸಿದ್ದಾರೆ. ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ ಹೀಗೆ ಸೊಸೈಟಿಗಳಿಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ. (ಊರಲ್ಲಿ ಸ್ವಂತ ಮಾಳಿಗೆ ಇರುವವರು ಪುಣ್ಯವಂತರು, 3 ಕಿಲೋವ್ಯಾಟಿಗೆ 78,000 ಸಿಗುತ್ತೆ.) ಮಧ್ಯಾಹ್ನ ಇನ್ವರ್ಟರಿನ ಪರದೆಯಲ್ಲಿ ಅಂಕಿ ಏರುತ್ತಾ ಹೋಗುತ್ತದೆ, ಆಗ ಇಡೀ ಬಿಲ್ಡಿಂಗೇ ಆಫೀಸು, ಸ್ಕೂಲು ಅಂತ ಖಾಲಿ. ಸಂಜೆ ಏಳಕ್ಕೆ ಎಲ್ಲರೂ ಮನೆಗೆ ಬಂದು ಎಸಿ, ಗೀಸರ್, ಮಿಕ್ಸರ್ ಹಾಕುತ್ತಾರೆ. ಆಗ ಅದೇ ಪರದೆಯಲ್ಲಿ ಸೊನ್ನೆ. ನಮ್ಮ ಕಮಿಟಿಯ ಕಾಕಾ ಹಗಲಿನ ಯೂನಿಟ್ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಖುಷಿಪಡುತ್ತಾರೆ, ನಾನೂ ಪಡುತ್ತೇನೆ. ಸಂಜೆಯ ಪ್ರಶ್ನೆ ಹಾಗೇ ಉಳಿಯುತ್ತದೆ.

ದೇಶದ್ದೂ ಇದೇ ಗೋಳು. ಪಳೆಯುಳಿಕೆ ಇಂಧನ ಸುಡದ ಘಟಕಗಳ ಸಾಮರ್ಥ್ಯ ಒಟ್ಟು ಸಾಮರ್ಥ್ಯದ ಅರ್ಧಕ್ಕೆ ಮುಟ್ಟಬೇಕು ಅಂತ 2030ರ ಗುರಿ ಇತ್ತು, 2025ರಲ್ಲೇ ಮುಟ್ಟಿತು. ಒಳ್ಳೆಯ ಸುದ್ದಿಯೇ. ಆದರೆ ನಿಜವಾಗಿ ಉತ್ಪಾದನೆಯಾಗುವ ಕರೆಂಟಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಈಗಲೂ ಕಲ್ಲಿದ್ದಲಿನದೇ. ಬ್ರಿಟನ್ ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಘಟಕವನ್ನು 2024ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು, ಅಲ್ಲಿ ಮೊದಲನೆಯದು ಶುರುವಾಗಿದ್ದು 1882ರಲ್ಲಿ. ಅಷ್ಟು ಕಾಲ ಸುಟ್ಟವರು ನಮಗೆ ಬುದ್ಧಿ ಹೇಳುವಾಗ ಸಿಟ್ಟು ಬರುತ್ತೆ, ಆದರೆ ಮುಚ್ಚಿದ್ದು ಮಾತ್ರ ನಿಜ.

ಸಂಜೆಯ ಪ್ರಶ್ನೆಗೆ ಈಗ ಎಲ್ಲ ಕಡೆ ಕೇಳುವ ಉತ್ತರ ಪಂಪ್ಡ್ ಸ್ಟೋರೇಜ್. ಹಗಲು ಸೋಲಾರ್ ಕರೆಂಟು ಹೆಚ್ಚಾದಾಗ ಕೆಳಗಿನ ಕೆರೆಯ ನೀರನ್ನು ಮೇಲಿನ ಕೆರೆಗೆ ಎತ್ತುವುದು, ಸಂಜೆ ಮತ್ತೆ ಕೆಳಗೆ ಬಿಟ್ಟು ಕರೆಂಟು ಮಾಡುವುದು. ಎತ್ತುವಾಗ ಸ್ವಲ್ಪ ಕರೆಂಟು ನಷ್ಟ, ಪರವಾಗಿಲ್ಲ. ಚೀನಾದ ಫೆಂಗ್ನಿಂಗ್‌ನಲ್ಲಿ 3,600 ಮೆಗಾವ್ಯಾಟಿನದು ಇದೆ. ಇಲ್ಲಿ ಶಿರವಟಾ ಮತ್ತು ಭಿವಪುರಿಯಲ್ಲಿ ಒಟ್ಟು 2,800 ಮೆಗಾವ್ಯಾಟ್ ಅಂತ 2023ರಲ್ಲಿ ಟಾಟಾ ಪವರ್ ಮತ್ತು ಮಹಾರಾಷ್ಟ್ರ ಸರ್ಕಾರ ಒಪ್ಪಂದ ಮಾಡಿಕೊಂಡವು. ನನಗೆ ಇದರಲ್ಲಿ ಆಸೆ ಹುಟ್ಟಿಸುವ ವಿಷಯ ಒಂದೇ. ಹಳೇ ಪದ್ಧತಿಯಲ್ಲಿ ಘಾಟಿ ಇಳಿದ ನೀರು ಹೋಯಿತು ಅಂದರೆ ಹೋಯಿತು. ಇದರಲ್ಲಿ ಅದೇ ನೀರು ಮೇಲೆ ಕೆಳಗೆ ಓಡಾಡುತ್ತದೆ. ಸಂಜೆಯ ಕರೆಂಟು ಹೀಗೆ ಸಿಗೋದಾದರೆ ಭೀಮೆಯ ನೀರನ್ನು ಕಡಲಿಗೆ ಕಳಿಸುವುದು ಕಡಿಮೆ ಮಾಡಿ ಅಂತ ಕೇಳಲು ಒಂದು ದಾರಿಯಾಗುತ್ತೆ. ಅಂಥ ಷರತ್ತನ್ನು ಯಾರಾದರೂ ಹಾಕಬೇಕು, ತಾನಾಗಿ ಆಗೋದಿಲ್ಲ.

ಇದೇ ತಂತ್ರ ಶರಾವತಿ ಕಣಿವೆಗೆ ಬಂದಾಗ ಕತೆ ಬೇರೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್ ಯೋಜನೆ, ಅದೂ ಸಿಂಗಳೀಕಗಳ ಕಾಡಿನೊಳಗೆ. ಅಲ್ಲಿಯವರ ವಿರೋಧ ನನಗೆ ಅರ್ಥವಾಗುತ್ತೆ. ಒಂದೇ ಕಣಿವೆಯಿಂದ ಎಷ್ಟು ಸಲ ಕೇಳುವುದು?

ಪಾವಗಡದ ಸೋಲಾರ್ ಪಾರ್ಕಿನದು ಇದ್ದುದರಲ್ಲಿ ವಾಸಿ. 2,050 ಮೆಗಾವ್ಯಾಟ್, ಸುಮಾರು 13,000 ಎಕರೆ, ಆದರೆ ರೈತರ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮುಳಶಿಯವರು ಇದನ್ನು ಕನಸಿನಲ್ಲೂ ಕಂಡಿರಲಿಲ್ಲ. ಆದರೆ ಜಮೀನೇ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಯಾವ ಬಾಡಿಗೆ?

ನಮ್ಮ ಕಲಬುರಗಿ ಕಡೆಯೂ ಬಿಸಿಲಿಗೆ ಬರವಿಲ್ಲ, ಹಾಗಾಗಿ ಜಮೀನು ಕೇಳಿಕೊಂಡು ಏಜೆಂಟರು ನಿಮ್ಮ ಹೊಲದ ಬದುವಿಗೂ ಬರಬಹುದು. ಬಂದರೆ ಓಡಿಸಬೇಡಿ, ಚಹಾ ಕೊಟ್ಟು ಕೂರಿಸಿ. ಬಾಡಿಗೆ ಎಷ್ಟು, ಎಷ್ಟು ವರ್ಷಕ್ಕೊಮ್ಮೆ ಏರುತ್ತೆ, ಕಂಪನಿ ಕೈಬದಲಾದರೆ ದುಡ್ಡು ಯಾರು ಕೊಡ್ತಾರೆ, ಗುತ್ತಿಗೆ ಮುಗಿದ ಮೇಲೆ ಕಂಬ, ಕಾಂಕ್ರೀಟು ತೆಗೆಸೋರು ಯಾರು, ಪ್ಯಾನೆಲ್ ತೊಳೆಯೋಕೆ ನೀರು ಯಾವ ಬೋರಿನಿಂದ, ಊರಿನ ಕೂಲಿಯವರಿಗೆ ಏನು ಕೆಲಸ, ಇಷ್ಟನ್ನೂ ಕೇಳಿ. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ, ಕನ್ನಡದಲ್ಲೇ.