ಗೋಮಾಳದ ದೊಡ್ಡ ಬಿಳಿ ಅಣಬೆ: ಹುಬ್ಬೆ ಮಳೆಯವರೆಗಿನ ಕೆಲಸ

ಮಘೆ ಹದವಾಗಿ ಸುರಿದ ಮೇಲೆ ಚಿಂತಾಮಣಿ ಕಡೆಯ ಗೋಮಾಳದಲ್ಲಿ ಊಟದ ತಟ್ಟೆಯಷ್ಟಗಲದ ಬಿಳಿ ಅಣಬೆಗಳು ಎದ್ದಿವೆ. ಟೋಪಿಯ ನಡುವೆ ಕಂದು ಹೊಪ್ಪಳೆ, ಕಾಲಿನಲ್ಲಿ ಬೆರಳಿಂದ ಮೇಲೆ ಕೆಳಗೆ ಸರಿಸಬಹುದಾದ ಬಳೆ, ಬುಡ ಗಡ್ಡೆಯ ಹಾಗೆ ದಪ್ಪ. ಹುತ್ತದ ಅಣಬೆ ಇದಲ್ಲ: ಅದನ್ನು ಅಗೆದರೆ ಬೇರಿನಂಥ ಉದ್ದ ಬಾಲ ಗೆದ್ದಲ ಗೂಡಿನವರೆಗೂ ಇಳಿದಿರುತ್ತದೆ. ಗುಮಾನಿ ಇರುವುದು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಎಂಬ, ಹಸಿರು ಬೀಜಕಣದ ವಿಷ ಅಣಬೆಯ ಮೇಲೆ. ತಿಂದರೆ ಸಾಮಾನ್ಯವಾಗಿ 1ರಿಂದ 3 ಗಂಟೆಯಲ್ಲಿ ವಾಂತಿ, ಭೇದಿ ಹಿಡಿದುಕೊಳ್ಳುತ್ತದೆ. ಬೇಯಿಸಿದರೆ ವಿಷ ಹೋಗುತ್ತದೆಂದು ನಂಬಲೇಬಾರದು.

ಟೋಪಿಯಡಿಯ ಪದರ ನೋಡಿ ನಿರ್ಧರಿಸಿದರೆ ಮೋಸ ಹೋಗುತ್ತೇವೆ. ಎಳೆಯದರಲ್ಲಿ ಅದು ಅಚ್ಚ ಬಿಳಿ. ಬೀಜಕಣ ಬಲಿತಾಗಷ್ಟೇ ಬೂದುಹಸಿರಿಗೆ ತಿರುಗುತ್ತದೆ. ಹಾಗಾಗಿ ಅಚ್ಚು ತೆಗೆಯಲೇಬೇಕು, ಅಂದರೆ ಬೀಜಕಣ ಉದುರಿಸಿಕೊಂಡು ಅದರ ಬಣ್ಣ ನೋಡಬೇಕು.

ಕಾಲನ್ನು ಟೋಪಿಯ ಮಟ್ಟಕ್ಕೆ ಕೊಯ್ದು, ಪದರ ಕೆಳಗಾಗುವಂತೆ ಗಾಜಿನ ಮೇಲೆ ಇಡಬೇಕು. ಟೋಪಿಯ ಮೇಲೆ ಒಂದೆರಡು ಹನಿ ನೀರು, ಅದರ ಮೇಲೆ ಬೋಗುಣಿ ಮುಚ್ಚಿ 8ರಿಂದ 12 ಗಂಟೆ ಅಲುಗಾಡಿಸದೆ ಬಿಡಬೇಕು. ಮೊದಲು ಕಾಗದ ಬಳಸಿದ್ದೇ ತಪ್ಪಾಗಿತ್ತು. ಬಿಳಿ ಹಾಳೆಯಲ್ಲಿ ತೆಳು ಅಚ್ಚು ಕಾಣಿಸುವುದೇ ಇಲ್ಲ, ಕಪ್ಪು ಹಾಳೆಯಲ್ಲಿ ಬಿಳಿ ಎನಿಸುತ್ತದೆ. ಬಿಳಿ ಅಚ್ಚು ಬಿಡುವ, ತಿನ್ನುವ ಕೊಡೆ ಅಣಬೆಯೂ ಇದೇ ರೂಪದ್ದು, ಗೊಂದಲ ಅಲ್ಲಿಂದಲೇ. ಗಾಜಿನ ಮೇಲಿದ್ದರೆ ಬ್ಲೇಡಿನಿಂದ ಕೆರೆದು ಸಾಸಿವೆ ಕಾಳಿನಷ್ಟು ಗುಡ್ಡೆ ಮಾಡಬಹುದು; ಆಗ ಮಂಕು ಹಸಿರು ಸ್ಪಷ್ಟ. ಬಣ್ಣವನ್ನು ಹಗಲು ಬೆಳಕಿನಲ್ಲೇ ನೋಡಬೇಕು, ಹಳದಿ ಬಲ್ಬಿನಡಿ ಹಸಿರು ಕಂದಾಗಿ ಕಾಣುತ್ತದೆ. ಬಯಲಿನ ಅಗಾರಿಕಸ್ (ಬಟನ್ ಅಣಬೆಯ ಕುಲದ್ದು) ಆಗಿದ್ದರೆ ಗುಡ್ಡೆ ಚಾಕೊಲೇಟ್ ಕಂದು.

ಅಚ್ಚು ಬೀಳದೇ ಹೋದರೆ ಟೋಪಿ ಇನ್ನೂ ಬಿರಿದಿಲ್ಲ, ಇಲ್ಲವೇ ಒಣಗಿದೆ. ಮಳೆಯಲ್ಲಿ ನೆಂದ ಟೋಪಿಯಿಂದ ಬರುವುದು ಬರೀ ಕಲೆ, ಅದನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ತಂದವು ಬೆವೆತು ಸಂಜೆಯೊಳಗೆ ಕೊಳೆತವು. ಈಗ ಒಂದೊಂದನ್ನೂ ನ್ಯೂಸ್‌ಪೇಪರಿನಲ್ಲಿ ಸುತ್ತಿ ಬುಟ್ಟಿಯಲ್ಲಿ ತರುತ್ತಿದ್ದೇವೆ. ಬುಡವನ್ನು ಬಿಡದೆ ಮಣ್ಣಿನ ಸಮೇತ ಅಗೆಯಬೇಕು. ಬುಡದಲ್ಲಿ ಚೀಲ ಕಂಡರೆ ಅಮಾನಿಟಾ ಕುಲದ ಅಣಬೆ ಇರಬಹುದು, ಅದರಲ್ಲಿ ಕೆಲವು ಇನ್ನೂ ಘೋರ ವಿಷ.

400 ಪಟ್ಟು ಹಿಗ್ಗಿಸಿ ನೋಡಿದಾಗ ಬೀಜಕಣ ಮೊಟ್ಟೆಯಾಕಾರ, ಗೋಡೆ ದಪ್ಪ, ಒಂದು ತುದಿ ಕತ್ತರಿಸಿದಂತೆ ಮೊಂಡು. ಉದ್ದ ಸುಮಾರು 8ರಿಂದ 13 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಅಚ್ಚಿನ ಬಣ್ಣಕ್ಕೂ ಇದಕ್ಕೂ ತಾಳೆಯಾಗಿದೆ.

ಅಣಬೆಗಳು ವೃತ್ತವಾಗಿ ಎದ್ದ ಕಡೆ ಹೊರ ಅಂಚಿಗೆ ಜಾಲಿ ಗೂಟ ಹೊಡೆದಿದ್ದೇವೆ. ಅಣಬೆಯ ಬೂಷ್ಟಿನಂಥ ಎಳೆಗಳು ನೆಲದೊಳಗೆ ಹೊರಮುಖವಾಗಿ ಹರಡುವುದರಿಂದ, ವೃತ್ತ ಎಷ್ಟು ಹಿಗ್ಗಿದೆ ಎಂದು ತಿಳಿಯಲು ಮುಂದಿನ ಮಘೆಗೆ ಗೂಟದಿಂದ ಹೊಸ ಅಂಚಿಗೆ ಟೇಪು ಹಿಡಿಯುವುದು ಬಾಕಿ.